ಪಾದದ ಕಮಾನು

ಚಪ್ಪಟೆ ಪಾದದ ಮಾತನ್ನು ಕೇಳದವರು ವಿರಳ. ಅಂಗಾಲು ಅತಿಯಾಗಿ ಮೇಲೆದ್ದಿರುವುದೂ ಒಂದು ತೊಡಕಾಗಬಲ್ಲುದೆಂಬುದನ್ನು ಬಲ್ಲವರು ಮಾತ್ರ ಕಡಮೆ.

ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಅವು ಕಲ್ಲುಕಟ್ಟಡದ ಕಮಾನಿನಂತೆ ಒಂದಕ್ಕೊಂದು ಆತುಕೊಂಡು, ನಾರುಕಟ್ಟುಗಳ ಬಿಗಿಯಿಂದ ನಿಂತಿವೆ. ಆದರೆ ಕಲ್ಲಿನ ಕಮಾನು ಅಲುಗದು. ಪಾದದ ಕಮಾನಾದರೋ ಹೆಜ್ಜೆಯೂರಿದಾಗ ತುಸು ತಗ್ಗಿ, ಎತ್ತಿದಾಗ ಮರಳಿ ಏರಬೇಕು. ಕಮಾನು ಅತಿ ಎತ್ತರವಾದರೆ ಈ ತಗ್ಗುವಿಕೆ ಕುಂದಿ, ಮೈಭಾರವೆಲ್ಲ ಹಿಮ್ಮಡಿಯ ಮೇಲೂ ಬೆರಳುಗಳ ಬುಡದ ಮೇಲೂ ಬೀಳುತ್ತದೆ. ಅಲ್ಲಿ ನೋವು, ಆಣಿ ತೋರುವುದೂ ಕಾಲು ಪದೇ ಪದೇ ಉಳುಕುವುದೂ ಇದರಿಂದಲೇ. ಉತ್ತರಹಳ್ಳಿಯ ಕಡೆಯವರು ತುರಹಳ್ಳಿಯ ಬಂಡೆಗಳನ್ನೇರಿದಾಗಲೋ, ವಸಂತಪುರದ ವಲ್ಲಭರಾಯಸ್ವಾಮಿಯ ಗುಡಿಯಲ್ಲಿ ಬರಿಗಾಲಿನಲ್ಲಿ ಪ್ರದಕ್ಷಿಣೆ ಬಂದಾಗಲೋ, ಇಂತಹ ಪಾದವು ಬೇಗನೆ ದಣಿಯುತ್ತದೆ.

ಪರೀಕ್ಷೆಗೆ ಯಂತ್ರ ಬೇಡ. ಬಚ್ಚಲಿನಿಂದ ಒದ್ದೆಗಾಲಿನಲ್ಲಿ ಬಂದು ಗಾರೆಯ ನೆಲದ ಮೇಲೆ ನಿಂತು, ಮೂಡಿದ ಗುರುತನ್ನು ನೋಡಬೇಕು. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಹೊರ ಅಂಚಿನಲ್ಲಿ ಸಣ್ಣ ಎಳೆಯೊಂದೇ ಇದ್ದರೆ, ಅಥವಾ ಅದೂ ಇಲ್ಲದಿದ್ದರೆ, ಕಮಾನು ಎತ್ತರವಿರಬಹುದು.

ಎರಡು ಕಾಲುಗಳೂ ಮೊದಲಿನಿಂದ ಹೀಗೆಯೇ ಇದ್ದು, ನೋವಿಲ್ಲದಿದ್ದರೆ ಚಿಕಿತ್ಸೆ ಅನಾವಶ್ಯಕ. ಆದರೆ ಮಗುವಿನ ಕಮಾನು ವರುಷ ವರುಷಕ್ಕೂ ಏರುತ್ತಿದ್ದರೆ, ಒಂದೇ ಕಾಲಿನಲ್ಲಿ ತೋರಿದರೆ, ಬೆರಳುಗಳು ಕೊಕ್ಕೆಯಂತೆ ಬಾಗಿದರೆ, ಅಥವಾ ಮುಂಗಾಲು ಜೋತು ಮಗು ಎಡವತೊಡಗಿದರೆ ಉದಾಸೀನ ಸಲ್ಲದು. ಮೂಲದೋಷವು ನರಗಳಲ್ಲಿಯೋ ಬೆನ್ನುಹುರಿಯಲ್ಲಿಯೋ ಇರಬಹುದು. 1886ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಮತ್ತು ಮಾರಿ, ಇಂಗ್ಲೆಂಡಿನ ಟೂತ್ ಎಂಬ ವೈದ್ಯರು ವರ್ಣಿಸಿದ ವಂಶಾನುಗತ ನರರೋಗವು ಇಂತಹ ಕಾರಣಗಳಲ್ಲಿ ಮುಖ್ಯವಾದುದು. ಅದನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೂ ಬೇಗ ಗುರುತಿಸಿದರೆ ವ್ಯಾಯಾಮದಿಂದಲೂ ಆಧಾರಪಟ್ಟಿಗಳಿಂದಲೂ ನಡಿಗೆಯನ್ನು ಬಹುಕಾಲ ಕಾಪಾಡಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಗಳ ಪರೀಕ್ಷೆಗೂ, ಜಯನಗರದ ಸಂಜಯ್ ಗಾಂಧಿ ಸಂಸ್ಥೆಯಲ್ಲಿ ಮೂಳೆಗಳ ಚಿಕಿತ್ಸೆಗೂ ಅನುಕೂಲವಿದೆ.

ಸಾಮಾನ್ಯ ನೋವಿಗೆ ಉಪಾಯಗಳು ಸರಳ. ಬೆರಳುಗಳ ಕಡೆ ಅಗಲವಾಗಿಯೂ ಒಳಗೆ ಮೆತ್ತಗೂ ಇರುವ ಪಾದರಕ್ಷೆ ಬೇಕು. ಎತ್ತರದ ಹಿಮ್ಮಡಿಯದು ಬೇಡ. ಪಾದದ ಅಚ್ಚಿಗೆ ಹೊಂದುವ ಒಳಅಟ್ಟೆಯು ಭಾರವನ್ನು ಅಂಗಾಲಿಗೆಲ್ಲ ಹಂಚುತ್ತದೆ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಏಳದಂತೆ ಮುಂದಕ್ಕೆ ವಾಲಿ ಅರ್ಧ ನಿಮಿಷ ನಿಂತರೆ ಮೀನಖಂಡದ ಬಿಗಿ ಸಡಿಲುತ್ತದೆ. ಸಿಹಿಮೂತ್ರರೋಗದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ನಡೆಯಲೂ ಬಾರದು, ಆಣಿಯನ್ನು ತಾವೇ ಕೊಯ್ದುಕೊಳ್ಳಲೂ ಬಾರದು. ಶಸ್ತ್ರಚಿಕಿತ್ಸೆ ಈ ಉಪಾಯಗಳು ಸಾಲದಿದ್ದಾಗಿನ ಮಾತು.

ಮಕ್ಕಳ ಹಲ್ಲನ್ನೂ ಕಣ್ಣನ್ನೂ ನಾವು ಪರೀಕ್ಷಿಸುತ್ತೇವೆ. ಅವರ ಒದ್ದೆಹೆಜ್ಜೆಯನ್ನೂ ಒಮ್ಮೆ ಗಮನಿಸುವುದು ಲೇಸು.