ಮನೆಯಲ್ಲಿ ಮಾಡಿದ ಬೀರಿನ ಬೆಲೆ

ಹುಮನಾಬಾದು, ಜಹೀರಾಬಾದುಗಳನ್ನು ಹಾದು ಹೈದರಾಬಾದನ್ನು ಹೊಗುವ ಮುಂಬಯಿ ಹೆದ್ದಾರಿಯ ಮೇಲೆ, ನಗರದ ವಾಯವ್ಯ ದಿಕ್ಕಿಗೆ ಕೂಕಟ್‌ಪಲ್ಲಿ ಇದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳವು ಗೃಹಮಂಡಳಿಯ ವಿಸ್ತಾರವಾದ ಬಡಾವಣೆಯಿಂದಲೂ ಸಮೀಪದ ಮಾಹಿತಿ ತಂತ್ರಜ್ಞಾನ ಕಚೇರಿಗಳಿಂದಲೂ ಈಗ ಜನನಿಬಿಡವಾಗಿದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವಾದುದರಿಂದ ಆ ಕಡೆಯ ಕನ್ನಡಿಗರಿಗೆ ಈ ನಗರವು ಪರಸ್ಥಳವೇನೂ ಅಲ್ಲ. ಇಲ್ಲಿಯ ಬಹುಮಹಡಿ ಮನೆಯೊಂದರಲ್ಲಿ ವಾಸಿಸುವ ಗೃಹಸ್ಥನೊಬ್ಬನು, ವ್ಯಾಪಾರಕ್ಕಾಗಿ ಅಲ್ಲದೆ ಕೇವಲ ಹವ್ಯಾಸಕ್ಕಾಗಿ, ಬೀರನ್ನು ತಾನೇ ಮಾಡಿಕೊಳ್ಳಬೇಕೆಂದು ಹೊರಟರೆ ಅವನಿಗೆ ತಗಲುವ ವೆಚ್ಚವೆಷ್ಟು? ಪ್ರಶ್ನೆಯು ಅಲ್ಪವಾಗಿ ತೋರಬಹುದು. ಆದರೆ ಇದರ ಲೆಕ್ಕವು ಅಡುಗೆಯ ಮನೆಯಲ್ಲಿ ಆರಂಭವಾಗಿ ಅಬಕಾರಿ ಕಾಯಿದೆಯವರೆಗೆ ಹೋಗುತ್ತದೆ.

ಮೊದಲು ಕ್ರಿಯೆಯನ್ನು ತಿಳಿಯುವುದು ಅವಶ್ಯ. ಜವೆಗೋಧಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಇದನ್ನು ತರಿತರಿಯಾಗಿ ಒಡೆದು, ಸುಮಾರು 66 ಡಿಗ್ರಿ ಉಷ್ಣತೆಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನೊಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಹಾಗೆ ಬಸಿದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಒಣಹೂಗಳೊಡನೆ ಇನ್ನೊಂದು ಗಂಟೆ ಕುದಿಸಬೇಕು. ಬೀರಿನ ಕಹಿಯೂ ಪರಿಮಳವೂ ಈ ಹೂವಿನವು. ಅನಂತರ ಬೇಗನೆ ಆರಿಸಿ, ಯೀಸ್ಟ್ ಬೆರೆಸಿ, ಎರಡು ವಾರ ಹುದುಗಲು ಬಿಟ್ಟು, ಸೀಸೆಗಳಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಹಾಕಿ ಬಿರಡೆಯೊತ್ತಿದರೆ ಮತ್ತೆರಡು ವಾರಗಳಲ್ಲಿ ನೊರೆಗೂಡುತ್ತದೆ. ಈ ಸಕ್ಕರೆಯು ಲೀಟರಿಗೆ ಆರೇಳು ಗ್ರಾಮನ್ನು ಬಹಳ ಮೀರಿದರೆ ಸೀಸೆಯು ಸಿಡಿಯುವುದೂ ಉಂಟು.

ಒಂದು ಸಲಕ್ಕೆ 20 ಲೀಟರು, ಎಂದರೆ 650 ಮಿಲಿಲೀಟರಿನ 30 ಸೀಸೆಗಳು ಎಂದು ಇಟ್ಟುಕೊಳ್ಳುವುದು ರೂಢಿಗೆ ಹತ್ತಿರವಾದ ಪ್ರಮಾಣ. ಇದಕ್ಕೆ ಮಾಲ್ಟ್ ನಾಲ್ಕೂವರೆ ಕಿಲೋ, ಹಾಪ್ಸ್ 40 ಗ್ರಾಂ, ಒಣ ಯೀಸ್ಟಿನ 11 ಗ್ರಾಮಿನ ಒಂದು ಪೊಟ್ಟಣ ಬೇಕಾಗುತ್ತವೆ. ಪೇಟೆಯ ದರಗಳು ಏರಿಳಿಯುವುದರಿಂದ ಮುಂದೆ ಕೊಟ್ಟಿರುವ ರೂಪಾಯಿಗಳು ಲೆಕ್ಕದ ಸೌಕರ್ಯಕ್ಕಾಗಿ ಹಿಡಿದ ಅಂಕಿಗಳೆಂದೂ, ತೂಕ ಅಳತೆಗಳು ಮಾತ್ರ ಎಲ್ಲೆಡೆಯೂ ಹೆಚ್ಚುಕಡಮೆ ಇವೇ ಎಂದೂ ವಾಚಕರು ತಿಳಿಯತಕ್ಕದ್ದು. ಮಾಲ್ಟ್ ಕಿಲೋವಿಗೆ 150ರಂತೆ 675 ರೂಪಾಯಿ, ಹಾಪ್ಸಿಗೆ 300, ಯೀಸ್ಟಿಗೆ 400. ಅಷ್ಟು ನೀರನ್ನು ಕಾಯಿಸಿ ಒಂದು ಗಂಟೆ ಕುದಿಸಲು ಅಡುಗೆಯ ಅನಿಲವು ಅರ್ಧ ಕಿಲೋವಿಗಿಂತ ಸ್ವಲ್ಪ ಹೆಚ್ಚು ಸಾಕು, 14.2 ಕಿಲೋ ಸಿಲಿಂಡರಿನಿಂದ ಇಪ್ಪತ್ತಕ್ಕೂ ಮೇಲ್ಪಟ್ಟು ಸಲ ಕುದಿಸಬಹುದಾದುದರಿಂದ ಅದಕ್ಕೆ 40 ರೂಪಾಯಿ. ವಿದ್ಯುತ್ತು, ಸಕ್ಕರೆ, ಬಿರಡೆಗಳಿಗೆ 160. ಒಟ್ಟು 1,575 ರೂಪಾಯಿ. ಸೀಸೆಗೆ ಸುಮಾರು 52. ಬೀರಿನ ಮುಖ್ಯ ದ್ರವ್ಯವಾದ ಜವೆಯು ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಯಥೇಚ್ಛವಾಗಿ ಬೆಳೆಯುತ್ತದೆ. ಚಿಟಿಕೆಯಷ್ಟು ಬೇಕಾಗುವ ಹೂವು ಮತ್ತು ಯೀಸ್ಟುಗಳೇ ಬಹುಮಟ್ಟಿಗೆ ಪರದೇಶದಿಂದ ಬಂದು ಅದಕ್ಕಿಂತ ಹೆಚ್ಚಿನ ಹಣವನ್ನು ಎಳೆಯುತ್ತವೆ.

ಇಷ್ಟರಿಂದಲೇ ಹಿಗ್ಗುವಂತಿಲ್ಲ. ಮೇಲುಹುದುಗಿನ ಯೀಸ್ಟಿಗೆ 18ರಿಂದ 22 ಡಿಗ್ರಿಯ ಹವೆ ಹಿತ. ತಿಳಿಬಣ್ಣದ ಲಾಗರ್ ಬೀರಿಗಾದರೆ ಹತ್ತು ಡಿಗ್ರಿಯ ಆಸುಪಾಸು ಬೇಕು. ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನವು 40 ಡಿಗ್ರಿಯನ್ನು ಮುಟ್ಟುತ್ತದೆ. ಅದಲ್ಲದೆ ಹುದುಗುವ ಕ್ರಿಯೆಯು ತಾನೇ ಶಾಖವನ್ನು ಹುಟ್ಟಿಸತಕ್ಕದ್ದು. ಸೆಕೆಯಲ್ಲಿ ಹುದುಗಿದ ಬೀರು ಬಣ್ಣದ ತಿನ್ನರಿನಂತೆ ನಾರುತ್ತದೆ. ಆದಕಾರಣ ಶೀತದೇಶದವನಿಗೆ ಉಚಿತವಾಗಿ ದೊರೆಯುವ ತಂಪನ್ನು ದಖ್ಖನಿನವನು ಕೊಂಡುಕೊಳ್ಳಬೇಕು. ಹಳೆಯ ಫ್ರಿಜ್ಜೊಂದನ್ನು ಇದಕ್ಕೇ ಮೀಸಲಿಡಬೇಕು. ದೊಡ್ಡ ಪಾತ್ರೆ, ಹುದುಗುವ ತೊಟ್ಟಿ, ಆರಿಸುವ ಕೊಳವೆಯ ಸುರುಳಿ, ಉಷ್ಣಮಾಪಕ, ಸಾಂದ್ರತಾಮಾಪಕ, ಬಿರಡೆಯೊತ್ತುವ ಸಲಕರಣೆ ಇವೆಲ್ಲಕ್ಕೆ 15,000, ಫ್ರಿಜ್ಜಿಗೆ 12,000, ಒಟ್ಟು 27,000 ರೂಪಾಯಿ ಎಂದು ಹಿಡಿಯಬಹುದು.

ಹವ್ಯಾಸದ ಲೆಕ್ಕವು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಮೂರು ವರ್ಷ ತಿಂಗಳಿಗೊಮ್ಮೆ ತಪ್ಪದೆ ಮಾಡಿದರೆ ಈ ಮೂಲಧನವು ಸೀಸೆಗೆ 25 ರೂಪಾಯಿಯಂತೆ ಹಂಚಿಹೋಗಿ ಬೆಲೆಯು 77ಕ್ಕೆ ನಿಲ್ಲುತ್ತದೆ. ನಾಲ್ಕು ಸಲ ಮಾಡಿ ಬೇಸರಗೊಂಡು ಪಾತ್ರೆಗಳನ್ನು ಅಟ್ಟಕ್ಕೇರಿಸಿದರೆ ಅದೇ ಸೀಸೆಗೆ 277 ಬೀಳುತ್ತದೆ. ಅಂಗಡಿಯ ಸೀಸೆಗೆ 170 ಎಂದು ಹಿಡಿದರೆ ಎಂಟನೆಯ ಸಲಕ್ಕೆ, ಎಂದರೆ 240 ಸೀಸೆಗಳಾದ ಮೇಲೆ, ಹಾಕಿದ ಹಣ ಹಿಂತಿರುಗುತ್ತದೆ. ಪ್ರತಿಸಲವೂ ವ್ಯಯವಾಗುವ ಏಳೆಂಟು ಗಂಟೆಗಳನ್ನು, ಅವುಗಳಲ್ಲಿ ಅರ್ಧವನ್ನು ನುಂಗುವ ತೊಳೆಯುವ ಕೆಲಸವನ್ನು, ಇಲ್ಲಿ ಎಣಿಸಿಲ್ಲ. ಅದು ಹವ್ಯಾಸಿಗೆ ವೆಚ್ಚವಲ್ಲ, ಸುಖ. ಮನೆಯ ಇತರರ ಅಭಿಪ್ರಾಯ ಬೇರೆಯಿರಬಹುದು.

ಕಾರ್ಖಾನೆಯವನಿಗೆ ಮಾಲ್ಟ್ ಅಗ್ಗವಾಗಿ ದೊರೆಯುತ್ತದೆ. ಅವನ ಶ್ರಮವೂ ಲೀಟರಿಗೆ ಅತ್ಯಲ್ಪ. ಹೀಗಿದ್ದೂ ಮನೆಯ ಬೀರು ಅವನದಕ್ಕಿಂತ ಅಗ್ಗವಾಗುವುದು ಹೇಗೆ? ಅಂಗಡಿಯ ಸೀಸೆಯ ಬೆಲೆಯಲ್ಲಿ ದೊಡ್ಡ ಪಾಲು ಸರಕಾರದ್ದು. ಮನೆಯ ಸೀಸೆಯಲ್ಲಿ ಆ ಪಾಲಿಲ್ಲ. ತೆಲಂಗಾಣದಲ್ಲಿ ಬೀರಿನ ಸಗಟು ವ್ಯಾಪಾರವೆಲ್ಲ ಸರಕಾರಿ ನಿಗಮದ ಕೈಯಲ್ಲಿದೆ. 2025ರ ಫೆಬ್ರವರಿಯಲ್ಲಿ ಬೆಲೆಯನ್ನು ಶೇಕಡಾ 15ರಷ್ಟು ಏರಿಸಲಾಯಿತು. ನಿಜಾಮರ ಆಳ್ವಿಕೆಯಲ್ಲಿಯೂ ಅಬಕಾರಿಯು ಬೊಕ್ಕಸದ ಮುಖ್ಯ ಆದಾಯಗಳಲ್ಲೊಂದಾಗಿತ್ತು. ಆದುದರಿಂದಲೇ ಆಂಧ್ರ ಪ್ರದೇಶದಲ್ಲಿ 1968ರಲ್ಲಿ ರಚಿತವಾಗಿ ತೆಲಂಗಾಣಕ್ಕೂ ಬಂದಿರುವ ಅಬಕಾರಿ ಕಾಯಿದೆಯು ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದನ್ನು ಅಪರಾಧವೆಂದು ಎಣಿಸುತ್ತದೆ. ಬೀರೂ ಅದರ ಅರ್ಥದಲ್ಲಿ ಮದ್ಯವೇ. ಕರ್ನಾಟಕದ 1965ರ ಕಾಯಿದೆಯ ನಿಲುವೂ ಇದೇ. ಉಪಾಹಾರಗೃಹದೊಡನೆ ನಡೆಯುವ ಕಿರು ಬೀರು ತಯಾರಿಕೆಗೆ ತೆಲಂಗಾಣವು 2015ರಲ್ಲಿ ಅವಕಾಶ ಮಾಡಿಕೊಟ್ಟಿತು. ಆದರೆ ಮಾರದೆ, ಮನೆಯವರಷ್ಟೇ ಕುಡಿಯುವುದಕ್ಕೆಂದು 20 ಲೀಟರು ಮಾಡುವವನಿಗೆ ತಕ್ಕ ಪರವಾನಗಿಯು ಇಲ್ಲ. ಹೀಗಾಗಿ 77 ರೂಪಾಯಿಯ ಸೀಸೆಯು ಕಾಗದದ ಮೇಲಿನ ಸೀಸೆ. ಕೂಕಟ್‌ಪಲ್ಲಿಯಲ್ಲಿ ಅದನ್ನು ನಿಜಮಾಡುವವನು ಮೊಕದ್ದಮೆಯ ಭಯವನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು.

ಈ ನಿರ್ಬಂಧವು ಜನರ ಆರೋಗ್ಯಕ್ಕಾಗಿ ಎಂಬ ವಾದವುಂಟು. ಬಟ್ಟಿಯಿಳಿಸಿದ ಸಾರಾಯಿಯ ವಿಷಯದಲ್ಲಿ ಈ ವಾದಕ್ಕೆ ಬಲವಿದೆ. ಬೀರನ್ನು ಬಟ್ಟಿಯಿಳಿಸುವುದಿಲ್ಲವಾದುದರಿಂದ ಕೆಟ್ಟ ಬೀರು ಹುಳಿಯಾಗುವುದೇ ವಿನಾ ವಿಷವಾಗುವುದು ವಿರಳ. ಇನ್ನು ಪರವಾನಗಿಯೇ ರಕ್ಷೆಯೆಂಬ ಮಾತಿಗೆ ಕೂಕಟ್‌ಪಲ್ಲಿಯೇ ದುಃಖಕರವಾದ ಉತ್ತರವನ್ನು ಕೊಟ್ಟಿದೆ. 2025ರ ಜುಲೈಯಲ್ಲಿ ಆ ಪ್ರದೇಶದ ಕಳ್ಳಿನ ಅಂಗಡಿಗಳಲ್ಲಿ ಕುಡಿದ ಅನೇಕರು ಅಸ್ವಸ್ಥರಾಗಿ, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಕಳ್ಳಿನಲ್ಲಿ ಆಲ್ಪ್ರಜೋಲಮ್ ಎಂಬ ನಿದ್ರಾಜನಕ ಔಷಧಿ ಬೆರೆತಿದ್ದುದು ಪರೀಕ್ಷೆಯಿಂದ ತಿಳಿದುಬಂತು. ಪರವಾನಗಿಯುಳ್ಳ ಅಂಗಡಿಗಳೇ ಅವು. ಪರವಾನಗಿಗಳು ರದ್ದಾದುದು ಆಮೇಲೆ. ಅಗ್ಗದ ಕಳ್ಳನ್ನು ನೆಚ್ಚಿದ ಬಡವರು ತೆತ್ತ ಬೆಲೆಯ ಮುಂದೆ ಹವ್ಯಾಸಿಯ 27,000ವು ಯಾವ ಲೆಕ್ಕ?

ಇತರ ದೇಶಗಳು ಈ ಗಂಟನ್ನು ಬಿಚ್ಚಿಕೊಂಡಿವೆ. ಇಂಗ್ಲೆಂಡಿನಲ್ಲಿ 1880ರಿಂದ ಮನೆಯ ಬೀರಿಗೂ ಪರವಾನಗಿ ಬೇಕಾಗಿತ್ತು. 1963ರಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕದ ಸಂಯುಕ್ತ ಸಂಸ್ಥಾನವು 1978ರ ಶಾಸನದಿಂದ ಸ್ವಂತ ಉಪಯೋಗದ ಬೀರಿಗೆ ಒಂದು ಮಿತಿಯವರೆಗೆ ತೆರಿಗೆಯನ್ನು ಬಿಟ್ಟುಕೊಟ್ಟಿತು.

ಇದಕ್ಕಿಂತ ಹಳೆಯ ದೃಷ್ಟಾಂತವು ನಮ್ಮಲ್ಲಿಯೇ ಇದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದುಂಟು. ಅದರಲ್ಲಿ ಹೇಳಿರುವ ಮೇದಕವೆಂಬುದು ಅಕ್ಕಿಯ ಬೀರೇ ಸರಿ: ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ, ಎಂದರೆ ಅಕ್ಕಿಯ ಎಂಟರಷ್ಟು ನೀರು. ಅಂದು ಹುದುಗಿಗಿದ್ದ ಈ ಕಿಣ್ವವೆಂಬ ಹೆಸರೇ ಇಂದು ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಎನ್‌ಜೈಮಿಗೆ ನಿಂತಿದೆ. ಸುರೆಯ ತಯಾರಿಕೆಯನ್ನೆಲ್ಲ ರಾಜನ ಅಧೀನಕ್ಕೆ ತರುವ ಆ ಕಠಿಣ ಗ್ರಂಥಕಾರನು ಕುಟುಂಬಿಗಳಿಗೆ ಮಾತ್ರ ಮನೆಯ ಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಅನುಮತಿಯನ್ನಿತ್ತಿದ್ದಾನೆ. ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಸಡಿಲವನ್ನೂ ಕೊಟ್ಟಿದ್ದಾನೆ. ರಾಜನದಲ್ಲದ ಮದ್ಯವನ್ನು ಮಾರುವವರಿಂದ ಅವನು ಕೇಳುವ ಸುಂಕ ನೂರಕ್ಕೆ ಐದು. ಆ ದರವನ್ನೇ ಕೂಕಟ್‌ಪಲ್ಲಿಯ ಗೃಹಸ್ಥನ 52 ರೂಪಾಯಿಯ ಸೀಸೆಗೆ ಹಾಕಿದರೆ ಬೀಳುವುದು ಎರಡೂವರೆ ರೂಪಾಯಿಗಿಂತ ತುಸು ಹೆಚ್ಚು.