ತುತ್ತಿನ ಜೊತೆಗೆ ಒಂದು ಮಾತು

ಏಪ್ರಿಲ್ ತಿಂಗಳು ಬಂತೆಂದರೆ ಮಡಕಶಿರಾ ಸೀಮೆಯಲ್ಲಿ ಹೊಲಗಳಿಗೆ ಬಿಡುವು. ಅಜ್ಜ-ಅಜ್ಜಿಯರಿಗೆ ಮಾತ್ರ ಬಿಡುವಿಲ್ಲ. ಬೆಂಗಳೂರು, ಹಿಂದೂಪುರದ ಕಡೆ ದುಡಿಯಲು ಹೋದ ಮಕ್ಕಳು ತಮ್ಮ ಕೂಸನ್ನು ತಂದು ಊರಲ್ಲಿ ಬಿಟ್ಟು ಹೋಗುವ ಕಾಲ ಇದು. ಒಂದೂವರೆ-ಎರಡು ವರ್ಷದ ಕೂಸು ಅಂದರೆ ಕೇಳಬೇಕೆ? ಕೂತಲ್ಲಿ ಕೂರದು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದೆ ಬಿಡದು.

ಅದೇ ವೇಳೆಗೆ ಪಡಸಾಲೆ ತುಂಬ ಕೆಲಸ. ಹಿಂದೂಪುರದ ಮಾರುಕಟ್ಟೆಗೆ ಹಾಕುವ ಹುಣಸೆಹಣ್ಣಿನ ಬೀಜ ತೆಗೆಯಬೇಕು. ಮುಂಗಾರಿಗೆ ಬಿತ್ತಲು ಕಡಲೆಕಾಯಿ ಸುಲಿದು ಬೀಜ ಆರಿಸಬೇಕು. ಈ ಎರಡೂ ಬೀಜ ಕೂಸಿನ ಕೈಗೆ ಸಿಗದಂತೆ ನೋಡಿಕೊಳ್ಳುವುದೇ ದೊಡ್ಡ ಕಾವಲು. ಮೂಗಿಗೆ ತೂರಿಸಿಕೊಂಡರೂ ಕಷ್ಟ. ಉಸಿರಿನ ನಾಳಕ್ಕೆ ಇಳಿದರಂತೂ ಜೀವಕ್ಕೇ ಅಪಾಯ. ನಾಲ್ಕೈದು ವರ್ಷ ತುಂಬುವ ತನಕ ಇಡೀ ಕಡಲೆಬೀಜ ಕೊಡಬಾರದು. ಹುರಿದು, ನುಣ್ಣಗೆ ಪುಡಿ ಮಾಡಿ, ಅನ್ನದಲ್ಲಿ ಕಲಸಿ ಕೊಡಬಹುದು.

ಇಷ್ಟರ ನಡುವೆ ಕೂಸಿಗೊಂದು, ಮನೆಯವರಿಗೊಂದು ಅಂತ ಎರಡು ಅಡಿಗೆ ಮಾಡಿದರೆ ಅಜ್ಜಿಯ ಸೊಂಟ ಉಳಿದೀತೆ? ನಮ್ಮ ಹೆಂಗಸರ ದಾರಿ ಸುಲಭದ್ದು. ಅಡಿಗೆ ಒಂದೇ, ಕೂಸಿನ ಪಾಲನ್ನು ಖಾರ ಬೀಳುವ ಮುಂಚೆ ತೆಗೆದಿಡುವುದು. ಬಸ್ಸಾರಿಗೆ ಬೇಯಿಸಿದ ಬೇಳೆ-ಸೊಪ್ಪನ್ನು ಒಂದು ಸೌಟು ತೆಗೆದು ಕಿವುಚಿ, ತುಪ್ಪ ಹಾಕಿ ಅನ್ನಕ್ಕೆ ಕಲಸಿದರೆ ಕೂಸಿನ ಊಟ ಆಯಿತು. ಉಳಿದದ್ದಕ್ಕೆ ಖಾರ ರುಬ್ಬಿ ಹಾಕಿದರೆ ದೊಡ್ಡವರ ಮುದ್ದೆಗೆ ಸಾರಾಯಿತು. ಮುದ್ದೆಯನ್ನೂ ಕೊಡಬಹುದು, ನಮ್ಮ ಹಾಗೆ ಕೂಸು ನುಂಗಲಾರದು, ಸಾರಿನಲ್ಲಿ ಚೆನ್ನಾಗಿ ಕದಡಬೇಕು ಅಷ್ಟೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು.

ಬೆಳಿಗ್ಗೆ ಮೊಳಕೆ ರಾಗಿಯ ಸರಿ, ಮಧ್ಯಾಹ್ನದ ಉರಿಬಿಸಿಲಿಗೆ ಮೊಸರನ್ನ, ಸಂಜೆ ಬಾಳೆಹಣ್ಣು, ರಾತ್ರಿ ಹೆಸರುಬೇಳೆ ಹುಗ್ಗಿ. ಬೇಸಿಗೆಯಲ್ಲಿ ಬೆಳಗಿನ ಅಡಿಗೆ ಸಂಜೆಗೆ ಹಳಸುತ್ತದೆ, ಬೇಕಾದಷ್ಟೇ ಮಾಡಬೇಕು. ಕುದಿಸಿ ಆರಿಸಿದ ನೀರನ್ನು ಆಗಾಗ ಕುಡಿಸುತ್ತಿರಬೇಕು.

ಅಡಿಗೆ ಹಗುರವಾದರೆ ಉಳಿಯುವ ಹೊತ್ತು ಯಾತಕ್ಕೆ? ಮಾತಿಗೆ. ಈಗ ಎಷ್ಟೋ ಮನೆಗಳಲ್ಲಿ ಕೂಸಿನ ಮುಂದೆ ಫೋನು ಇಟ್ಟು ತುತ್ತು ತುರುಕುವುದು ರೂಢಿಯಾಗಿದೆ. ಕೂಸು ಬಾಯಿ ತೆರೆಯುತ್ತದೆ, ನಿಜ. ಏನು ತಿಂದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. "ಬಿಸಿ ಐತೆ, ಊದು. ಇದು ಸೊಪ್ಪು, ಇದು ಬೇಳೆ. ಇನ್ನೊಂದು ತುತ್ತು ಸಾಕು ನಮ್ಮಪ್ಪ" ಅನ್ನುತ್ತಾ ತಿನ್ನಿಸಿದರೆ ಹೊಟ್ಟೆಗೆ ಅನ್ನವೂ ಇಳಿಯುತ್ತದೆ, ನಾಲಿಗೆಗೆ ಮಾತೂ ಹತ್ತುತ್ತದೆ.

ನಮ್ಮ ಗಡಿಯಲ್ಲಿ ಈ ಮಾತಿಗೆ ತೂಕ ಹೆಚ್ಚು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯ ಜೊತೆ ಮಡಕಶಿರಾ ಅತ್ತ ಸೇರಿತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡ ಕಡೆಯ ಮನೆಮಾತು ಬಹುಪಾಲು ಕನ್ನಡವೇ. ತೆಲುಗು ನಮಗೆ ಪರಕೀಯವಲ್ಲ. ನಾನು ಎರಡರಲ್ಲೂ ಪದ್ಯ ಕಟ್ಟುವವನು, ಎರಡೂ ನನ್ನ ಹೊಲದ ಎತ್ತುಗಳು. ತೆಲುಗಿನ ಮನೆಯಿಂದ ಬಂದ ಸೊಸೆಗೆ "ಅವ್ವ" ಅಂದರೆ ಅಜ್ಜಿ, ನಮಗೆ ತಾಯಿ. ಕೂಸು "ಅವ್ವಾ" ಅಂತ ಕೂಗಿದರೆ ಇಬ್ಬರೂ ಓಡಿ ಬರುತ್ತಾರೆ. ಕೂಸಿಗೆ ಲಾಭವೇ!

ಆದರೆ ತೆಲುಗನ್ನು ಶಾಲೆ, ಕಚೇರಿ, ಬಸ್ಸಿನ ಬೋರ್ಡು ಕಲಿಸುತ್ತವೆ. ಇಂಗ್ಲಿಷಿಗೆ ಅಪ್ಪ-ಅಮ್ಮಂದಿರೇ ದುಡ್ಡು ಸುರಿಯುತ್ತಾರೆ. ಇಲ್ಲಿನ ಕನ್ನಡಕ್ಕೆ ಇರುವ ಮೊದಲ ಶಾಲೆ ಅಜ್ಜಿಯ ತೊಡೆ. ಅಮರಾಪುರದ ಹತ್ತಿರದ ಹೇಮಾವತಿ, ನೊಳಂಬರ ಹೆಂಜೇರು. ಅಲ್ಲಿ ಸಾವಿರ ವರ್ಷದ ಹಿಂದಿನ ಕನ್ನಡ ಶಾಸನಗಳಿವೆ. ಕಲ್ಲು ಅಕ್ಷರವನ್ನು ಕಾಯುತ್ತದೆ. "ಹಸಿವಾಯ್ತು, ಅನ್ನ ಕೊಡು" ಅಂತ ಕೇಳುವ ಬಾಯಿಯನ್ನು ನಾವೇ ಕಾಯಬೇಕು.

ಮುಂಗಾರು ಹನಿದು ಬಿತ್ತನೆಗೆ ಇಳಿದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಅಷ್ಟರೊಳಗೆ ಕೂಸಿನ ಬಾಯಲ್ಲಿ ನಾಲ್ಕು ಹಲ್ಲಿನ ಜೊತೆ ನಲವತ್ತು ಕನ್ನಡ ಮಾತು ಮೂಡಿದ್ದರೆ, ಆ ಬೇಸಿಗೆಯ ಬೆಳೆ ಕೈಗೆ ಬಂತು ಅಂತಲೇ ಲೆಕ್ಕ.