ನೂರೈವತ್ತೈದು ಸಿಸಿಯ ಸಾಕಣೆ

ಭಾನುವಾರ ಬೆಳಿಗ್ಗೆ ನಂಜನಗೂಡಿನ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಹಾದುಹೋದರೆ ಈ ಸೀಮೆಯ ಹುಡುಗರ ಮನಸ್ಸು ಎಲ್ಲಿದೆ ಎಂದು ಗೊತ್ತಾಗುತ್ತದೆ. ಎಕ್ಸೆಲ್, ಸ್ಪ್ಲೆಂಡರ್‌ಗಳ ನಡುವೆ ಮೂತಿ ಮುಂದೆ ಮಾಡಿ ನಿಂತ ಯಮಹಾ ಆರ್15, ಟಿವಿಎಸ್ ಅಪಾಚೆ, ಕಿತ್ತಳೆ ಬಣ್ಣದ ಕೆಟಿಎಂ. ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಶಿಫ್ಟು ಮುಗಿಸಿ ಬಂದವರು, ಕಬ್ಬಿನ ದುಡ್ಡು ಕೈಸೇರಿದ ಮನೆಯ ಮಕ್ಕಳು, ದಿನಾ ಮೈಸೂರಿನ ಕಾಲೇಜಿಗೆ ಓಡಾಡುವವರು ಇವುಗಳ ಮಾಲೀಕರು. ರಸ್ತೆಗಿಳಿಯುವ ಹೊತ್ತಿಗೆ ಎರಡು ಲಕ್ಷ ರೂಪಾಯಿಯ ಆಸುಪಾಸು ಬೀಳುವ ಗಾಡಿಗಳಿವು. ಕೊಡಿಸುವುದಕ್ಕೆ ಫೈನಾನ್ಸಿನವರು ಇದ್ದಾರೆ. ಸಾಕುವುದು ಮಾತ್ರ ನಮ್ಮ ತಲೆಯ ಮೇಲೇ ಬೀಳುತ್ತದೆ.

ಮೋಟರ್‌ಸೈಕಲ್ ಹುಚ್ಚು ಈ ಕಡೆಯವರಿಗೆ ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ತೊಡಗಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಲಿವರನ್ನೇ ಮಡಿಸಿದರೆ ಗೇರ್ ಲಿವರ್. ಆ ಗಾಡಿ ಬಿಚ್ಚಿ ಜೋಡಿಸುತ್ತಲೇ ಕೆಲಸ ಕಲಿತ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಜಿಲ್ಲೆಯಲ್ಲೆಲ್ಲ ಹರಡಿಕೊಂಡರು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹುಡುಗರ ಕನಸಿನ ಗಾಡಿಯಾಗಿದ್ದ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಆಮೇಲೆ ಬಂದದ್ದು ಫೋರ್ ಸ್ಟ್ರೋಕ್ ಕಾಲ: 2001ಕ್ಕೆ ಪಲ್ಸರ್, 2006ಕ್ಕೆ ಅಪಾಚೆ, 2008ಕ್ಕೆ ಆರ್15. ಅಪಾಚೆಯ ಕಂಪನಿ ಟಿವಿಎಸ್‌ನ ಒಂದು ಕಾರ್ಖಾನೆ ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲಿ, ಕಡಕೊಳದ ಹತ್ತಿರ ಬ್ಯಾತಹಳ್ಳಿಯಲ್ಲೇ ಇದೆ.

ಸ್ಪ್ಲೆಂಡರ್‌ಗೂ ಆರ್15ನಂಥ ಸ್ಪೋರ್ಟ್ಸ್ ಬೈಕಿಗೂ ಇರುವ ವ್ಯತ್ಯಾಸ ಬರೀ ರೂಪದ್ದಲ್ಲ. ಸ್ಪ್ಲೆಂಡರ್‌ನ 97 ಸಿಸಿ ಎಂಜಿನ್ ಕೊಡುವುದು ಸುಮಾರು 8 ಅಶ್ವಶಕ್ತಿ. ಈಗಿನ ಆರ್15 ತನ್ನ 155 ಸಿಸಿಯಲ್ಲಿ 18.4 ಕೊಡುತ್ತದೆ. ಆದರೆ ಅದು ಸಿಗುವುದು ಎಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಿದಾಗ. ಏಳೂವರೆ ಸಾವಿರದ ಹತ್ತಿರ ಬಂದಾಗ ಒಳಗಡೆ ಕ್ಯಾಮ್ ಬದಲಾಗಿ ವಾಲ್ವ್ ಇನ್ನಷ್ಟು ತೆರೆದುಕೊಳ್ಳುತ್ತದೆ, ಗಾಡಿ ಇದ್ದಕ್ಕಿದ್ದಂತೆ ಮುನ್ನುಗ್ಗುತ್ತದೆ. ಹುಡುಗರು ಮರುಳಾಗುವುದು ಆ ಗಳಿಗೆಗೆ. ಅಷ್ಟು ವೇಗಕ್ಕೆ ಹುಟ್ಟುವ ಬಿಸಿ ತಡೆಯಲೆಂದೇ ರೇಡಿಯೇಟರ್, ಅದರೊಳಗೆ ಕೂಲೆಂಟ್. ಇಂಥ ಎಂಜಿನ್ನನ್ನು ಎಮ್ಮೆಯಂತೆ ಕಟ್ಟಿಹಾಕಿ ಮರೆಯಲಾಗದು. ಸ್ಪ್ಲೆಂಡರ್ ಹತ್ತು ತಪ್ಪು ಕ್ಷಮಿಸುತ್ತದೆ, ಇದು ಎರಡಕ್ಕೇ ಬಿಲ್ಲು ಕೈಗಿಡುತ್ತದೆ.

ಇನ್ನು ಇಲ್ಲಿನ ರಸ್ತೆಗಳ ಮಾತು. ನಂಜನಗೂಡಿನಿಂದ ಸುತ್ತೂರಿನ ಮೇಲೆ ತಿ. ನರಸೀಪುರಕ್ಕೆ ಹೋಗುವುದೆಂದರೆ ಕಪಿಲೆ ಹರಿಯುವ ದಿಕ್ಕಿಗೇ ಹೋದಂತೆ. ನದಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಎರಡೂ ಕಡೆ ನೀರಾವರಿ ಭೂಮಿ, ಭತ್ತ, ಕಬ್ಬು. ನೋಡುವುದಕ್ಕೆ ಸೊಗಸು, ಸ್ಪೋರ್ಟ್ಸ್ ಬೈಕಿನ ಅಗಲದ ಟೈರಿಗೆ ಮಾತ್ರ ನಿತ್ಯ ಪರೀಕ್ಷೆ. ನಾಟಿ ಕಾಲದಲ್ಲಿ ಗದ್ದೆಯಿಂದೆದ್ದು ಬಂದ ಟ್ರ್ಯಾಕ್ಟರಿನ ಕೇಜ್ ವೀಲ್ ಉದುರಿಸಿದ ಕೆಸರು ಡಾಂಬರಿನ ಮೇಲೆ ಸೋಪಿನಂತಾಗಿರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಜೋಡಿ ಟ್ರೈಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳಿಗೆ ಹಿಂದೆ ಕೆಂಪು ದೀಪ ಇರುವುದೇ ಅಪರೂಪ. ಅದೇ ಕಬ್ಬಿನ ಕಾಕಂಬಿಯಿಂದಲೂ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಬೆರೆತು ನಮ್ಮ ಟ್ಯಾಂಕಿಗೇ ಬರುತ್ತದೆ ಎನ್ನುವುದು ಬೇರೆ ಮಾತು. 2023ರಿಂದೀಚೆಯ ಗಾಡಿಗಳಿಗೆ ಅದರಿಂದ ತೊಂದರೆಯಿಲ್ಲ. ಹಳೆಯ ಕಾರ್ಬ್ಯುರೇಟರ್ ಗಾಡಿ ಇಟ್ಟುಕೊಂಡವರು ರಬ್ಬರ್ ಪೈಪುಗಳನ್ನು ಆಗಾಗ ನೋಡಿಕೊಳ್ಳಬೇಕು.

ಸುಗ್ಗಿಯಲ್ಲಿ ಇನ್ನೊಂದು ಕಾಟ, ರಸ್ತೆಯ ಮೇಲಿನ ಒಕ್ಕಣೆ. ಕಣ ಮಾಡುವ ಕಷ್ಟ ತಪ್ಪಲೆಂದು ರಾಗಿ, ಹುರುಳಿಯನ್ನು ಡಾಂಬರಿಗೇ ಹರಡುತ್ತಾರೆ. ರಾಗಿ ತೆನೆಯ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ. ಎಬಿಎಸ್ ಇದ್ದರೆ ಚಕ್ರ ಕಟ್ಟಿಕೊಳ್ಳುವುದಿಲ್ಲ, ಅಷ್ಟೆ. ನಿಲ್ಲುವುದಕ್ಕೆ ಜಾಗ ಬೇಕೇ ಬೇಕು. ಹುರುಳಿಯದು ಬೇರೆಯೇ ಕಿತಾಪತಿ. ಅದರ ಬಳ್ಳಿ ದಾರದಂತೆ ಚೈನಿಗೆ ಸಿಕ್ಕಿ, ಎಂಜಿನ್ ಪಕ್ಕದ ಚಿಕ್ಕ ಸ್ಪ್ರಾಕೆಟ್‌ಗೆ ಸುತ್ತಿಕೊಂಡು, ಮುಚ್ಚಳದೊಳಗೆ ಹಗ್ಗವಾಗಿ ಹೊಸೆದು ಕೂರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಪಿಕಪ್ ಕಡಿಮೆಯಾಯಿತು, ಕರಕರ ಸದ್ದು ಎಂದು ಗ್ಯಾರೇಜಿಗೆ ತಂದರೆ, ಮುಚ್ಚಳ ಬಿಚ್ಚಿದ ಮೆಕ್ಯಾನಿಕ್ ಗ್ರೀಸಿನಲ್ಲಿ ಕಪ್ಪಾದ ಹಿಡಿ ಹುರುಳಿ ಸೊಪ್ಪನ್ನು ಸ್ಕ್ರೂಡ್ರೈವರಿನಿಂದ ಕೀಳುತ್ತ, "ಎತ್ತಿಗೆ ಹಾಕೋದ ಗಾಡಿಗೆ ಹಾಕಿದ್ದೀಯಲ್ಲ ಮಗ" ಎನ್ನುತ್ತಾನೆ. ಬಿಟ್ಟರೆ ಅಲ್ಲಿನ ಆಯಿಲ್ ಸೀಲ್ ಹರಿಯುತ್ತದೆ.

ಚೈನ್ ವಿಷಯಕ್ಕೇ ಇನ್ನೊಂದಿಷ್ಟು ಹೇಳಬೇಕು, ಏಕೆಂದರೆ ಇಂಥ ಗಾಡಿಯ ಆರೋಗ್ಯ ಮೊದಲು ಕಾಣುವುದು ಅಲ್ಲಿ. ಸ್ಪ್ಲೆಂಡರ್‌ನ ಚೈನಿಗೆ ಪೂರ್ತಿ ಕವರ್ ಇದೆ. ಇಲ್ಲಿ ಅದು ಬಯಲಿಗೆ ಬಿದ್ದಿದೆ. 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿಸಿದರೆ ಮರುದಿನವೇ ತೊಳೆಯಬೇಕು. ಮೆತ್ತನೆಯ ಬ್ರಷ್ಷು, ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಸಾಕು. ಕೊಂಡಿಗಳ ನಡುವೆ ರಬ್ಬರ್ ರಿಂಗ್ ಇರುವ ಚೈನಾದರೆ ಪೆಟ್ರೋಲ್ ತಾಗಿಸಬಾರದು, ರಿಂಗು ಸತ್ತುಹೋಗುತ್ತದೆ. ಒರೆಸಿ, ಒಣಗಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಚೈನಿನ ಒಳಮೈಗೆ ಲ್ಯೂಬ್ ಹಾಕಬೇಕು. ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ ಚಕ್ರ ತಿರುಗಿಸುವ ಸೋಮಾರಿತನದಲ್ಲಿ ಬೆರಳು ಕಳೆದುಕೊಂಡವರಿದ್ದಾರೆ. ಹೊಸದಾಗಿ ಕೊಂಡವರು ಸಾಮಾನ್ಯವಾಗಿ ಮಾಡುವ ಇನ್ನೊಂದು ಎಡವಟ್ಟು, ಸದ್ದು ಬರಬಾರದೆಂದು ಚೈನನ್ನು ತಂತಿಯಂತೆ ಬಿಗಿಯುವುದು. ಕೆಳಗಿನ ಚೈನು ಬೆರಳಿಗೆ ಇಂಚಿನಷ್ಟು ಆಡಬೇಕು. ಸರಿಯಾದ ಅಳತೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಹಿಂದೆ ಒಬ್ಬರು ಕೂತರೆ ಅದು ತಾನಾಗಿ ಬಿಗಿಯುತ್ತದೆ.

ಆಯಿಲ್ ಲೆಕ್ಕವೂ ಹಾಗೆಯೇ. ಒಂದು ಲೀಟರಿನ ಆಸುಪಾಸು ಆಯಿಲ್ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರನ್ನೂ ನೋಡಿಕೊಳ್ಳಬೇಕು. ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಸುರಿದರೆ ಕ್ಲಚ್ ಪ್ಲೇಟು ಜಾರತೊಡಗುತ್ತದೆ. ಕಾರಿಗೆ ಒಣ ಕ್ಲಚ್, ಇಲ್ಲಿ ಅದು ಆಯಿಲ್‌ನಲ್ಲೇ ನೆನೆಯುತ್ತಿರುತ್ತದೆ. ಡಬ್ಬದ ಮೇಲೆ ಜಾಸೋ ಎಂಎ2 ಎಂದಿದೆಯೇ ನೋಡಿ ಕೊಳ್ಳಬೇಕು. ಕೂಲೆಂಟ್ ಕಡಿಮೆಯಾದರೆ ಬೋರ್‌ವೆಲ್ ನೀರು ಸುರಿಯಬಾರದು, ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ವಾಟರ್ ಸರ್ವಿಸ್‌ನವನಿಗೂ ಒಂದು ಮಾತು ಹೇಳಿ: ಪಂಪಿನ ನೀರನ್ನು ರೇಡಿಯೇಟರಿನ ಜಾಲರಿಗೆ, ಹ್ಯಾಂಡಲ್ ಬುಡದ ಕೋನ್ ಸೆಟ್‌ಗೆ ನೇರ ಹೊಡೆಯಬೇಡ ಎಂದು.

ಖರ್ಚಿನಲ್ಲಿ ಒಂದು ತಮಾಷೆಯಿದೆ. ಕಡ್ಡಾಯ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ವಾರ್ಷಿಕ ದರ 75ರಿಂದ 150 ಸಿಸಿವರೆಗೆ 714 ರೂಪಾಯಿ. 150 ದಾಟಿದರೆ 1,366. ಐದು ಸಿಸಿ ಹೆಚ್ಚಿರುವ ತಪ್ಪಿಗೆ ಹತ್ತಿರಹತ್ತಿರ ಎರಡರಷ್ಟು. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಅಷ್ಟರ ಮಟ್ಟಿಗೆ ಸಮಾಧಾನ. ಗಾಡಿ ಒಮ್ಮೆ ಬಿದ್ದರೆ ಮಾತ್ರ ಮುಂದಿನ ಪ್ಲಾಸ್ಟಿಕ್ ಫೇರಿಂಗ್, ವೈಸರ್, ಸ್ಟಿಕ್ಕರ್‌ಗಳ ಬಿಲ್ಲು ನೋಡಿ ಮನೆಯವರು ಮಾತು ಬಿಡುತ್ತಾರೆ. ನನ್ನನ್ನು ಕೇಳಿದರೆ, ಊರಿಗೊಂದು ಹಂಪು, ಹಂಪಿಗೊಂದು ಗುಂಡಿ ಇರುವ ಈ ದಾರಿಗಳಿಗೆ ಫೇರಿಂಗ್ ಇಲ್ಲದ, ನೆಟ್ಟಗೆ ಕೂತು ಓಡಿಸುವ ಅಪಾಚೆ ಥರದ ಗಾಡಿಯೇ ವಾಸಿ. ಬಾಗಿ ಹಿಡಿಯುವ ಹ್ಯಾಂಡಲ್‌ನಲ್ಲಿ ಮೈಸೂರಿಗೆ ಹೋಗಿಬರುವಷ್ಟರಲ್ಲಿ ಮಣಿಕಟ್ಟು ಸೋತಿರುತ್ತದೆ.

ಹಾಗಾದರೆ ಆ ಹತ್ತು ಸಾವಿರ ಸುತ್ತು ಎಲ್ಲಿ ತೋರಿಸುವುದು? ಗುಂಡ್ಲುಪೇಟೆ ಹೆದ್ದಾರಿಯಲ್ಲಂತೂ ಅಲ್ಲ. ಅದು ಮುಂದೆ ಬಂಡೀಪುರದ ಕಾಡು ಹೊಗುತ್ತದೆ, ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವೂ ಇದೆ. ನಿಜವಾಗಿ ಆಸೆಯಿದ್ದವರಿಗೆ ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದರೆ ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಸಿಗುತ್ತದೆ. 2.1 ಕಿಲೋಮೀಟರಿನ ಟ್ರ್ಯಾಕು, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುವುದಿಲ್ಲ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವ ಅಪ್ಪಂದಿರಿಗೂ ಒಂದು ಮಾತು: 2019ರ ತಿದ್ದುಪಡಿಯ ಪ್ರಕಾರ ದಂಡ 25,000 ರೂಪಾಯಿ, ಮೂರು ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು.

ಹೊಸದು ಕೈಗೆಟುಕದೆ ಸೆಕೆಂಡ್ ಹ್ಯಾಂಡ್ ಹುಡುಕುವವರು ಬೆಳಿಗ್ಗೆ ಬೇಗ, ಹೇಳದೆ ಹೋಗಿ. ತಣ್ಣಗಿನ ಎಂಜಿನ್ ಮೊದಲ ಸೆಲ್ಫ್‌ಗೇ ಚಾಲೂ ಆಗಬೇಕು, ಬಿಳಿ ಹೊಗೆ ನಿಲ್ಲದೆ ಬರುತ್ತಿರಬಾರದು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ, ಮುಂದಿನ ಫೋರ್ಕಿನಲ್ಲಿ ಆಯಿಲ್ ಒಸರುತ್ತಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸೈಲೆನ್ಸರ್ ಬದಲಾಯಿಸಿದ್ದರೆ ಕಂಪನಿಯದ್ದನ್ನೇ ಹಾಕಿಕೊಡಲು ಹೇಳಿ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಉಳಿದಿದ್ದರೆ ಫಾರಂ 35 ಬರುವ ತನಕ ಅಡ್ವಾನ್ಸ್ ಬೇಡ. ಹೇಳದೆ ಹೋದರೂ ಬೆಳಿಗ್ಗೆಯೇ ಎಂಜಿನ್ ಬಿಸಿ ಮಾಡಿಟ್ಟುಕೊಂಡು ಕಾಯುತ್ತಿದ್ದ ಮಾರಾಟಗಾರ ಸಿಕ್ಕರೆ ಕಾಫಿ ಕುಡಿದು ವಾಪಸ್ಸು ಬನ್ನಿ.